ಮೊಣಕೈ ನೋಡಿ ಕೇಳಿಸಿಕೊಂಡವನು

ಒನೆಸಿಮ್ ಲೋಜಿಯೆಯ ಕಿವಿ ಹೋಗಿದೆ ಎಂಬುದು ನಮ್ಮೂರಿನಲ್ಲಿ ಪಾದ್ರಿಯಿಂದ ಹಿಡಿದು ಅಂಚೆ ಕಚೇರಿಯವಳವರೆಗೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಮರ ಕೊಯ್ಯುವ ಮಿಲ್ಲಿನ ಕಾಗದಗಳಿಗೆ ಮಾತ್ರ. ಆ ಕಾಗದಗಳನ್ನು ನಂಬಿದರೆ ಅರವತ್ತೊಂದರ ಆ ಮನುಷ್ಯನಿಗೆ ಇಪ್ಪತ್ತರ ಹುಡುಗನ ಕಿವಿ. ಆ ಸುಳ್ಳು ಹುಟ್ಟಿದ್ದು ಹೇಗೆ, ಕೊನೆಗೆ ಅದೇ ಅವನ ಕತ್ತು ಹಿಡಿದದ್ದು ಹೇಗೆ ಎಂದು ನಾನು ಬಲ್ಲೆ. ಇಪ್ಪತ್ತಾರು ವರ್ಷ ಅದೇ ಮಿಲ್ಲಿನಲ್ಲಿ ದಿಮ್ಮಿ ಉರುಳಿಸಿದ್ದೇನೆ, ಎಂಟು ವರ್ಷ ಯೂನಿಯನ್ನಿನ ಮುಂದಾಳಾಗಿದ್ದೆ, ಆ ಸುಳ್ಳಿನಲ್ಲಿ ನನ್ನ ಪಾಲೂ ಇತ್ತು.

ಒನೆಸಿಮ್ ನನಗೆ ರಕ್ತಸಂಬಂಧಿಯಲ್ಲ. ಕೊಲ್ಲಿಯ ದಂಡೆಯ ನಮ್ಮ ಕಡೆ ಅಪ್ಪನ ವಯಸ್ಸಿನವರೆಲ್ಲ ಮಾವಂದಿರೇ. ಮಾವ ಹದಿನೇಳಕ್ಕೆ ಮಿಲ್ಲು ಸೇರಿದ. ಮೊದಲ ಐದು ವರ್ಷ, ಸರಪಳಿಯ ಮೇಲೆ ಹರಿದು ಬರುವ ಹಸಿ ಹಲಗೆಗಳನ್ನು ಎಳೆದು ಪೇರಿಸುವ ಕೆಲಸ. ಪಕ್ಕದಲ್ಲಿ ನಿಂತು ಎಳೆಯುತ್ತಿದ್ದವನು ವಾಲ್ಮೋನ್ ಅಶೆ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ವಾಲ್ಮೋನನ ಮದುವೆಗೆ ಸಾಕ್ಷಿಯಾಗಿ ನಿಂತವನು ಮಾವ. ಅವನ ಮೊದಲ ಮಗಳಿಗೆ ಜ್ಞಾನಸ್ನಾನವಾದಾಗ ಮಗುವನ್ನು ಎತ್ತಿ ಹಿಡಿದವನೂ ಮಾವನೇ.

ಆಮೇಲೆ ಮಾವನನ್ನು ಮೇಲಿನ ಸಾಣೆ ಕೋಣೆಗೆ ಹಾಕಿದರು. ಕೆಳಗೆ ಗರಗಸಗಳು ಕಿರುಚುತ್ತಿರುತ್ತವೆ, ಅವುಗಳ ನೆತ್ತಿಯ ಮೇಲೆ ಆ ಕೋಣೆ. ಒಂದಡಿ ಅಗಲ, ನಲವತ್ತಡಿ ಉದ್ದದ, ಗರಗಸದ ಉಕ್ಕಿನ ಪಟ್ಟಿಗಳು ದಿನಕ್ಕೆರಡು ಸಲ ಮೇಲೆ ಬರುತ್ತವೆ. ಅವುಗಳ ಹಲ್ಲಿಗೆ ಸಾಣೆ ಹಿಡಿಯುವುದನ್ನು ಯಂತ್ರವೂ ಮಾಡೀತು. ಕಷ್ಟ ಇರುವುದು ಸುತ್ತಿಗೆಯಲ್ಲಿ. ಪಟ್ಟಿಯ ನಡುಭಾಗವನ್ನು ತಟ್ಟಿ ತಟ್ಟಿ ಕೂದಲೆಳೆಯಷ್ಟು ಸಡಿಲಿಸಬೇಕು, ಅಂಚು ಬಿಗಿಯಾಗಿಯೇ ಉಳಿಯಬೇಕು. ಎರಡೇಟು ಹೆಚ್ಚಾದರೆ ಗರಗಸ ದಿಮ್ಮಿಯೊಳಗೆ ಹಾವಿನ ಹಾಗೆ ಓಡಾಡುತ್ತದೆ, ಹಲಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಮಾವ ಬೆರಳ ತುದಿಯಲ್ಲಿ ಕಲಿತ. ಕಿವಿ ಮಂದವಾದ ಮೇಲೆ ಕೆಲಸದ ಮೇಜಿಗೆ ದವಡೆ ಆನಿಸಿ, ಸುತ್ತಿಗೆಯ ಏಟನ್ನು ಮೂಳೆಯಲ್ಲಿ ಕೇಳುತ್ತಿದ್ದ. ನೋಡಿದವರಿಗೆ ನಿದ್ದೆ ಹೋಗಿದ್ದಾನೆ ಅನ್ನಿಸಬೇಕು.

ಮಿಲ್ಲಿನಲ್ಲಿ ಕಿವುಡು ಎಂಬುದು ನೆಗಡಿಯಷ್ಟು ಮಾಮೂಲು. ಗದ್ದಲದಲ್ಲಿ ಎಲ್ಲರೂ ಮಾತಾಡುವುದು ಕೈಯಲ್ಲೇ. ಊಟಕ್ಕೆ ಒಂದು ಸನ್ನೆ, ಮೇಸ್ತ್ರಿ ಬಂದ ಎನ್ನುವುದಕ್ಕೆ ಒಂದು, ಮೇಸ್ತ್ರಿಯ ಅಮ್ಮನಿಗೆ ಇನ್ನೊಂದು. ಆದರೆ ಎಂಬತ್ತಾರನೇ ಇಸವಿಯಲ್ಲಿ ಕಂಪನಿ ವರ್ಷಕ್ಕೊಂದು ಸಲ ಕಿವಿ ಪರೀಕ್ಷೆ ಅಂತ ಶುರು ಮಾಡಿತು. ಅಂಗಳಕ್ಕೆ ಒಂದು ಬಿಳಿ ವ್ಯಾನು ಬರುತ್ತಿತ್ತು. ಅದರೊಳಗೆ ಬೀರುವಿನಂಥ ಒಂದು ಗೂಡು, ಗೂಡಿಗೊಂದು ಗಾಜಿನ ಕಿಟಕಿ. ಒಳಗೆ ಕೂತು, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಮೊದಲ ವರ್ಷ ಫಿಡೆಲ್ ಎಂಬವನು ಪ್ರಾಮಾಣಿಕವಾಗಿ ಕೂತು ಬಂದ. ಕೊಲ್ಲಿಯ ಈ ದಂಡೆಯಲ್ಲೇ ಅವನಷ್ಟು ಚೆನ್ನಾಗಿ ದೊಡ್ಡ ಗರಗಸ ನಡೆಸುವವನಿರಲಿಲ್ಲ. ಮುಂದಿನ ವಾರ ಅವನನ್ನು ಗರಗಸದಿಂದ ಇಳಿಸಿ ಕೈಗೆ ಕಸಬರಿಗೆ ಕೊಟ್ಟರು. ಕಿವಿ ಕೇಳದವನು ಗರಗಸದ ಹತ್ತಿರ ಇರಬಾರದಂತೆ. ಸಂಬಳ ಅರ್ಧ. ಅವನು ಮರದ ಹೊಟ್ಟು ಗುಡಿಸುವುದನ್ನು ನಾವೆಲ್ಲ ಮೂರು ವರ್ಷ ನೋಡಿದೆವು, ನಾಲ್ಕನೇ ವರ್ಷ ಅವನು ಬರಲಿಲ್ಲ.

ಅಂದಿನಿಂದ ನಮ್ಮ ಮಿಲ್ಲಿನಲ್ಲಿ ಒಬ್ಬನೂ ಆ ಪರೀಕ್ಷೆಯಲ್ಲಿ ಸೋಲಲಿಲ್ಲ. ದಾರಿ ಕಂಡುಹಿಡಿದವನು ವಾಲ್ಮೋನ್.

"ಕಿವಿ ಯಾಕ್ರೋ ಬೇಕು?" ಅಂದಿದ್ದ ಅವನು, ಊಟದ ಕೋಣೆಯ ಬೆಂಚಿನ ಮೇಲೆ ಹತ್ತಿ ನಿಂತು. "ಹೊರಗೆ ಕೂತು ಸದ್ದು ಬಿಡ್ತಾಳಲ್ಲ, ಅವಳ ಬೆರಳು ಕಾಣಲ್ಲ. ಮೊಣಕೈ ಕಾಣತ್ತೆ. ಮೊಣಕೈ ಅಲುಗಿದ್ರೆ ಗುಂಡಿ ಒತ್ತಿ. ನಡುನಡುವೆ ಒಂದೆರಡು ಬಿಟ್ಬಿಡಿ, ಪೂರ್ತಿ ದೇವತೆ ಆಗೋದು ಬೇಡ."

ಪರೀಕ್ಷೆ ಮಾಡುವವರು ಬದಲಾದರು, ಮೊಣಕೈ ಬದಲಾಗಲಿಲ್ಲ. ಹೊಸಬರು ಕೆಲಸಕ್ಕೆ ಸೇರಿದರೆ ಹೆಲ್ಮೆಟ್ಟು, ಬೂಟಿನ ಜತೆ ಇದನ್ನೂ ಹೇಳಿಕೊಡುವುದು ನಮ್ಮ ಪದ್ಧತಿಯಾಯಿತು. ನಾನು ಮುಂದಾಳಾದ ಮೇಲೆ ನಾನೇ ಹೇಳಿಕೊಡುತ್ತಿದ್ದೆ. ಬುದ್ಧಿವಂತ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ತೊಂಬತ್ತನಾಲ್ಕರಲ್ಲಿ ವಾಲ್ಮೋನ್ ಸರಪಳಿ ಬಿಟ್ಟು ಆಫೀಸಿಗೆ ಹೋದ, ಆಳುಗಳ ಕಡತ ನೋಡಿಕೊಳ್ಳುವ ಸಾಹೇಬನಾದ. ಆದರೂ ಪರೀಕ್ಷೆಯ ದಿನ ವ್ಯಾನಿನ ಮೆಟ್ಟಿಲ ಪಕ್ಕ ಬಂದು ನಿಂತು, ಒಳಗೆ ಹೋಗುವವರಿಗೆಲ್ಲ ತನ್ನ ಮೊಣಕೈ ತಟ್ಟಿ ಕಣ್ಣು ಹೊಡೆಯುತ್ತಿದ್ದ. ಇವನು ನಮ್ಮವನೇ, ಟೈ ಕಟ್ಟಿದ್ದಾನೆ ಅಷ್ಟೆ ಎಂದು ನಾವು ನಗುತ್ತಿದ್ದೆವು.

ಹೀಗೆ ಇಪ್ಪತ್ಮೂರು ವರ್ಷ. ಮಾವನ ಕಡತದಲ್ಲಿ ಇಪ್ಪತ್ಮೂರು ಚೊಕ್ಕ ಕಾಗದಗಳು. ಮನೆಯಲ್ಲಿ ಅವನ ಹೆಂಡತಿ ಲೊರೆಟ್ ಅತ್ತೆ ಅವನನ್ನು ಊಟಕ್ಕೆ ಕರೆಯಲು ನೆಲವನ್ನು ಕಾಲಿಂದ ಒದೆಯುತ್ತಿದ್ದಳು.

ಎರಡು ಸಾವಿರದ ಒಂಬತ್ತರ ವಸಂತದಲ್ಲಿ ಮಿಲ್ಲಿಗೆ ಹೊಸ ಯಂತ್ರ ಬರುತ್ತದೆ ಎಂದರು. ಗರಗಸದ ಪಟ್ಟಿ ಅದೇ ತಟ್ಟುತ್ತದಂತೆ, ಅದೇ ಅಳೆಯುತ್ತದಂತೆ. ಐವತ್ತೈದು ದಾಟಿದವರಲ್ಲಿ ಹೆಚ್ಚಿನವರು ಹೊರಗೆ. ಅದೇ ತಿಂಗಳು ವಯಸ್ಸಾದ ಕೆಲಸಗಾರರಿಗೆಂದು ಸರ್ಕಾರದ ಹೊಸ ಯೋಜನೆಯೂ ಬಂತು. ಚರ್ಚಿನ ಸಭಾಂಗಣಕ್ಕೆ ಒಬ್ಬ ಅಧಿಕಾರಿಣಿ ಬಂದು ವಿವರಿಸಿದಳು. ಕೆಲಸದಿಂದಲೇ ದೇಹ ಕೆಟ್ಟಿದೆ ಎಂದು ಪರಿಹಾರ ಮಂಡಳಿ ಒಪ್ಪಿದರೆ, ಅಂಥವನನ್ನು ಕಂಪನಿ ತೆಗೆಯುವಂತಿಲ್ಲ. ಅದೇ ಸಂಬಳದಲ್ಲಿ ಹಗುರ ಕೆಲಸ, ಹೊಸಬರಿಗೆ ಕಲಿಸುವ ಗುರುವಿನ ಜಾಗ, ಅರವತ್ತೈದರವರೆಗೆ. ಮಂಡಳಿ ಒಪ್ಪದಿದ್ದರೆ ಆರು ವಾರದ ತರಬೇತಿ ತರಗತಿ, ಆಮೇಲೆ ಅವರವರ ಹಣೆಬರಹ.

"ಕಿವಿ ಕೇಳಲ್ಲ ಅಂತ ಒಪ್ಕೊಂಡ್ರೆ ಮತ್ತೆ ಕಸಬರಿಗೆ ಕೊಡಲ್ಲ ತಾನೆ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಈಗ ಕಾಲ ಬದಲಾಗಿದೆ ಸ್ವಾಮಿ. ನೀವು ಹೇಳೋ ಸತ್ಯ ನಿಮ್ಮ ವಿರುದ್ಧ ಹೋಗಲ್ಲ," ಎಂದಳು ಆಕೆ.

"ಏನಂತೆ?" ಎಂದು ಮಾವ ನನ್ನ ಮುಖ ನೋಡಿದ. ತುಟಿ ಓದಲಿ ಎಂದು ನಿಧಾನಕ್ಕೆ ಹೇಳಿದೆ. ಗುರುವಿನ ಜಾಗ ಎಂಬ ಮಾತನ್ನು ಅವನು ನನ್ನಿಂದ ಮೂರು ಸಲ ಹೇಳಿಸಿಕೊಂಡ.

ಅವನಿಗೆ ಬೇಕಿದ್ದದ್ದು ಅದೊಂದೇ. ಮಕ್ಕಳಿಲ್ಲದ ಮನುಷ್ಯ. ಇರುವ ಮನೆ ಸ್ವಂತದ್ದು, ಹೊಟ್ಟೆಗೆ ತೊಂದರೆಯಿಲ್ಲ. ಸಾಣೆ ಕೋಣೆಯಲ್ಲಿ ಇನ್ನೂ ನಾಲ್ಕು ವರ್ಷ ಇರಬೇಕು, ಬೆರಳಲ್ಲಿರುವುದನ್ನು ಇನ್ನೊಬ್ಬರ ಬೆರಳಿಗೆ ದಾಟಿಸಿ ಇಳಿಯಬೇಕು ಎಂಬುದೊಂದೇ ಆಸೆ. "ಯಂತ್ರ ಅಳತೆ ಹೇಳತ್ತೆ ಕಣೋ ರೆಜಿಸ್," ಎನ್ನುತ್ತಿದ್ದ ನನಗೆ. "ಯಾಕೆ ಹಾಗಾಯ್ತು ಅಂತ ಹೇಳಲ್ಲ. ಅದನ್ನ ಯಾರಾದ್ರೂ ಹೇಳ್ಬೇಕಲ್ಲ."

ಆದರೂ ಪರೀಕ್ಷೆಯಲ್ಲಿ ನಿಜ ತೋರಿಸಲು ಅವನಿಗೆ ಧೈರ್ಯವಿರಲಿಲ್ಲ. ಫಿಡೆಲ್ ಕಣ್ಣಮುಂದೆ ಬರುತ್ತಿದ್ದ. ಒಂದು ಭಾನುವಾರ ಪೂಜೆ ಮುಗಿಸಿ ವಾಲ್ಮೋನ್ ತಾನಾಗಿಯೇ ಮಾವನ ಮನೆಗೆ ಬಂದ. ನಾನೂ ಅಲ್ಲಿದ್ದೆ. ಅತ್ತೆ ಪ್ಲೋಯ್ ಎಂಬ ನಮ್ಮ ಕಡೆಯ ದೋಸೆ ಹುಯ್ಯುತ್ತಿದ್ದಳು. ವಾಲ್ಮೋನ್ ನಾಲ್ಕು ದೋಸೆಗೆ ಕಾಕಂಬಿ ಸವರಿ, ಸುರುಳಿ ಸುತ್ತಿ ತಿಂದ.

"ಒನೆಸಿಮ್, ಈ ಸಲ ಮೊಣಕೈ ನೋಡ್ಬೇಡ," ಎಂದ, ತುಟಿ ಅಗಲಿಸಿ. "ಕಣ್ಮುಚ್ಕೊಂಡು ಕೂತ್ಕೋ. ಕೇಳಿಸಿದ್ದಕ್ಕೆ ಮಾತ್ರ ಒತ್ತು. ಕಾಗದ ನನ್ನ ಮೇಜಿಗೆ ಬರತ್ತೆ, ಮಿಕ್ಕಿದ್ದು ನನಗ್ ಬಿಡು."

"ಹಳೇ ಕಾಗದಗಳು?"

"ಅದನ್ಯಾರು ನೋಡ್ತಾರೆ ಮಾರಾಯ! ಮಂಡಳಿಯವರಿಗೆ ಈ ವರ್ಷದ್ದು ಸಾಕು."

"ಲೋ ವಾಲ್ಮೋನ್, ನನಗೆ ಕಸಬರಿಗೆ ಗಿಸಬರಿಗೆ ಆಗಲ್ಲ ಕಣೋ."

"ನಿನ್ನ ಕೈಗೆ ಕಸಬರಿಗೆ ಬಂದ್ರೆ ನನ್ನ ಕೈಗೂ ಒಂದು ಕೊಡ್ಲಿ. ಸಾಕಾ?"

ಅತ್ತೆ ಐದನೇ ದೋಸೆ ಹಾಕುತ್ತ, "ಹೊಟ್ಟೆ ತುಂಬಿದಾಗ ಎಲ್ರೂ ಹೀಗೇ ಮಾತಾಡೋದು," ಎಂದಳು. ನಾನು ಅತ್ತೆಗೇ ರೇಗಿದೆ. ಎಲ್ಲದಕ್ಕೂ ಅನುಮಾನ ಪಡಬೇಡಿ ಎಂದೆ. ಹೋಗು ಮಾವ, ಒಂದು ಸಲ ನಿಜ ಹೇಳಿ ಬಾ ಎಂದು ಹುರಿದುಂಬಿಸಿದವನೂ ನಾನೇ.

ಜೂನ್ ಎರಡನೇ ವಾರ ವ್ಯಾನು ಬಂತು. ಮಾವ ಗೂಡಿನೊಳಗೆ ಕೂತು ಕಣ್ಣು ಮುಚ್ಚಿಕೊಂಡ. ಹತ್ತು ನಿಮಿಷವಾದ ಮೇಲೆ ಪರೀಕ್ಷೆ ಮಾಡುವ ಹುಡುಗಿ ಬಾಗಿಲು ತೆಗೆದು ಅವನ ಭುಜ ಮುಟ್ಟಬೇಕಾಯಿತು. ಮೆಟ್ಟಿಲಿಳಿದು ಬಂದವನ ಮುಖ ಬೂದಿಯಾಗಿತ್ತು.

"ಯಾವಾಗ ಶುರು ಮಾಡ್ತಾಳೆ ಅಂತ ಕಾಯ್ತಾ ಕೂತಿದ್ದೆ ಕಣೋ," ಎಂದ. "ಅವಳು ಮುಗಿಸ್ಬಿಟ್ಟಿದ್ಳು."

ತಾನು ಎಷ್ಟು ಕಿವುಡ ಎಂಬುದು ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇಪ್ಪತ್ಮೂರು ವರ್ಷ ಕಂಪನಿಗೆ ಮೋಸ ಮಾಡುತ್ತಿದ್ದೇವೆ ಎಂದುಕೊಂಡು ತನಗೇ ಮಾಡಿಕೊಂಡಿದ್ದ.

ಐದು ದಿನಕ್ಕೆ ಮೊದಲ ಪತ್ರ ಬಂತು. ಸುರಕ್ಷತೆಯ ದೃಷ್ಟಿಯಿಂದ ಇಂದಿನಿಂದಲೇ ಸಾಣೆ ಕೋಣೆಗೆ ಪ್ರವೇಶವಿಲ್ಲ. ಕೆಳಗೆ ವಾಲ್ಮೋನನ ಸಹಿ. ಮಾವ ಗಾಬರಿಯಾಗಲಿಲ್ಲ. "ಮಂಡಳಿ ಒಪ್ಪೋವರೆಗೂ ಹಾಗೆ ಮಾಡ್ಲೇಬೇಕಲ್ಲ, ಪಾಪ," ಎಂದ. ಎರಡು ತಿಂಗಳಾದ ಮೇಲೆ ಮಂಡಳಿಯ ಪತ್ರ ಬಂತು. ಕಂಪನಿ ಕಳಿಸಿದ ಇಪ್ಪತ್ಮೂರು ವರ್ಷಗಳ ದಾಖಲೆ ಪರಿಶೀಲಿಸಲಾಗಿದೆ. ಕಳೆದ ವರ್ಷದವರೆಗೆ ಕೆಲಸಗಾರನ ಶ್ರವಣಶಕ್ತಿ ಉತ್ತಮವಾಗಿತ್ತು. ಯಂತ್ರದ ಸದ್ದು ಕಿವಿಯನ್ನು ನಿಧಾನವಾಗಿ ತಿನ್ನುತ್ತದೆಯೇ ಹೊರತು ಒಂದೇ ವರ್ಷದಲ್ಲಿ ಅಲ್ಲ. ಆದ್ದರಿಂದ ಈ ಕಿವುಡಿಗೂ ಕೆಲಸಕ್ಕೂ ಸಂಬಂಧವಿಲ್ಲ.

ಅತ್ತೆ ಓದಿದಳು, ನಾನು ಓದಿದೆ. ಮಾವ ಕನ್ನಡಕ ಹಾಕಿಕೊಂಡು ತಾನೇ ಎರಡು ಸಲ ಓದಿದ. "ಕಂಪನಿ ಕಳಿಸಿದ ದಾಖಲೆ," ಎಂಬ ಸಾಲಿನ ಮೇಲೆ ಬೆರಳಿಟ್ಟು, "ಯಾರು ನೋಡ್ತಾರೆ ಅಂದಿದ್ನಲ್ಲೋ," ಎಂದ.

ಮೇಲ್ಮನವಿ ಹಾಕಿದೆವು. ವಿಚಾರಣೆಗೆ ಸಾಕ್ಷಿ ಬೇಕು. ನನಗೆ ಯೋಚನೆಯೇ ಇರಲಿಲ್ಲ. ಮಿಲ್ಲಿನಲ್ಲಿ ಅರವತ್ತು ಜನ, ಅರವತ್ತೂ ಮೊಣಕೈ ಸಾಕ್ಷಿಗಳೇ. ಒಂದು ವಾರ ಮನೆಮನೆಗೆ ಅಲೆದೆ. ಮೊದಲು ಹೋದದ್ದು ಅರ್ಮೆಲ್ ನೋಯೆಲ್ ಮನೆಗೆ. ಕೆಳಗಿನ ಗರಗಸ ನಡೆಸುವವನು, ಮಾವ ಹದ ಮಾಡಿದ ಪಟ್ಟಿಯಲ್ಲೇ ಮೂವತ್ತು ವರ್ಷ ಮರ ಕೊಯ್ದವನು. ಅಂಗಳದಲ್ಲಿ ದೋಣಿಗೆ ಬಣ್ಣ ಬಳಿಯುತ್ತಿದ್ದ.

"ಬರ್ತಿದ್ದೆ ರೆಜಿಸ್, ತಪ್ಪದೆ ಬರ್ತಿದ್ದೆ," ಎಂದ ಬ್ರಷ್ಷು ಬಿಡದೆ. "ಆದ್ರೆ ನಂದೂ ಕಡತ ಇದೆಯಲ್ಲ. ಮೊಣಕೈ ನೋಡಿ ಒತ್ತಿದ್ದೆ ಅಂತ ನಾನ್ ಹೇಳಿದ್ರೆ, ನಾಳೆ ನನ್ನನ್ನೂ ಇಳಿಸ್ತಾರೆ. ನನಗಿನ್ನೂ ಐವತ್ಮೂರು."

"ಹಾಗಾದ್ರೆ ಮುದುಕ ಒಬ್ನೇ ಸಾಯ್ಲಿ ಅಂತೀಯ?"

"ನೀನೇ ಅಲ್ವಾ ಮುಂದಾಳು? ಹೊಸಬರಿಗೆಲ್ಲ ಕಲಿಸಿದ್ದು ನೀನು. ನೀನ್ ಹೋಗಿ ಹೇಳು."

ಬಣ್ಣದ ಡಬ್ಬಿಯನ್ನು ಒದ್ದು ಬಂದೆ. ಅವನ ಹೆಂಡತಿ ಬೈದದ್ದು ಬೀದಿಯ ತುದಿಯವರೆಗೆ ಕೇಳಿಸಿತು. ಮಿಕ್ಕವರದ್ದೂ ಅದೇ ರಾಗ. ಒಬ್ಬನಿಗೆ ಬೆನ್ನುನೋವು, ಒಬ್ಬ ಆ ದಿನ ಕಾಡಿಗೆ ಮೂಸ್ ಜಿಂಕೆಯ ಬೇಟೆಗೆ ಹೋಗುತ್ತಾನಂತೆ. ಇನ್ನೊಬ್ಬ ಕಿಟಕಿಯ ಪರದೆ ಸರಿಸಿ ನನ್ನನ್ನು ನೋಡಿಯೂ ಬಾಗಿಲು ತೆಗೆಯಲಿಲ್ಲ. ಮಾವನಿಗೆ ಹೋಗಿ ಏನು ಹೇಳಲಿ? ಎಲ್ಲರೂ ಬರುತ್ತಾರಂತೆ ಎಂದೆ. ಅವನು ನನ್ನ ತುಟಿಯನ್ನೇ ಸ್ವಲ್ಪ ಹೊತ್ತು ನೋಡಿ, "ಸುಳ್ಳು ಹೇಳುವಾಗ ನಿನ್ನ ತುಟಿ ಬೇಗ ಬೇಗ ಅಲುಗತ್ತೆ," ಎಂದ.

ವಿಚಾರಣೆ ನಡೆದದ್ದು ಹೆದ್ದಾರಿಯ ಮೋಟೆಲಿನ ಮೇಲಂತಸ್ತಿನ ಹಾಲ್‌ನಲ್ಲಿ. ಮಂಡಳಿಯ ಕಡೆಯಿಂದ ಮೂವರು. ಕಂಪನಿಯ ಕಡೆಯಿಂದ ವಾಲ್ಮೋನ್, ನೀಲಿ ಕೋಟು ಹಾಕಿ, ಕಡತ ಎದೆಗವಚಿಕೊಂಡು. ನಮ್ಮ ಕಡೆ ಮಾವ, ಅತ್ತೆ, ನಾನು. ನಾನು ಎದ್ದು ಎಲ್ಲವನ್ನೂ ಹೇಳಿದೆ. ಗೂಡು, ಗಾಜು, ಮೊಣಕೈ, ಫಿಡೆಲನ ಕಸಬರಿಗೆ. ನಡುವೆ ಕೂತಿದ್ದ ಬೋಳುತಲೆಯವನು ಬರೆದುಕೊಳ್ಳುವುದನ್ನು ನಿಲ್ಲಿಸಿ, "ಅಂದ್ರೆ ಕೆಲಸಗಾರ ಇಪ್ಪತ್ಮೂರು ವರ್ಷ ಮೋಸ ಮಾಡಿದ್ದಾರೆ ಅಂತ ನೀವು ಹೇಳ್ತಿದ್ದೀರಿ. ಹೌದಾ?" ಎಂದ.

"ಎಲ್ರೂ ಮಾಡಿದ್ದಾರೆ ಸ್ವಾಮಿ!"

"ಬೇರೆ ಯಾರು ಪ್ರಮಾಣ ಮಾಡಿ ಹೇಳ್ತಾರೆ?"

"ಇವನು ಹೇಳ್ತಾನೆ," ಎಂದು ವಾಲ್ಮೋನನ ಕಡೆ ಬೆರಳು ಮಾಡಿದೆ. "ಕಂಡುಹಿಡಿದವನೇ ಇವನು."

ವಾಲ್ಮೋನ್ ಬೈಬಲ್ ಮುಟ್ಟಿ ಪ್ರಮಾಣ ಮಾಡಿದ. ಬೋಳುತಲೆಯವನು ಕೇಳಿದ ಪ್ರಶ್ನೆ ಅವನಿಗೆ ಮೊದಲ ಸಲ ಕೇಳಿಸಲಿಲ್ಲ. ತಲೆ ಓರೆ ಮಾಡಿ, "ಏನಂದ್ರಿ?" ಎಂದ. ಎರಡನೇ ಸಲ ಕೇಳಿದ ಮೇಲೆ, "ಮೊಣಕೈ? ಅಂಥದ್ದೇನೂ ನನ್ನ ಗಮನಕ್ಕೆ ಬಂದಿಲ್ಲ," ಎಂದ.

"ಅವನ ಕಿವಿ ಹಿಂದೆ ಏನಿದೆ ನೋಡ್ರಿ!" ಎಂದು ನಾನು ಕುರ್ಚಿ ಕೆಡವಿ ಎದ್ದೆ. ಚರ್ಮದ ಬಣ್ಣದ ಸಣ್ಣ ಯಂತ್ರ ಅಲ್ಲಿ ಕಾಣುತ್ತಿತ್ತು.

"ಅದು ವಯಸ್ಸಿನದು," ಎಂದ ವಾಲ್ಮೋನ್, ಕಡತದ ಕಡೆ ನೋಡುತ್ತ. "ಅರವತ್ತಾಯ್ತಲ್ಲ."

ನನ್ನನ್ನು ಹೊರಗೆ ಕಳಿಸಿದರು. ಮುಂದೆ ನಡೆದದ್ದನ್ನು ಅತ್ತೆ ಹೇಳಿದ್ದು. ಮಾವನಿಗೆ ಮಾತು ಪೂರ್ತಿ ತಿಳಿದಿರಲಿಲ್ಲ. ವಾಲ್ಮೋನ್ ತಲೆ ತಗ್ಗಿಸಿ ಮಾತಾಡಿದ್ದರಿಂದ ತುಟಿ ಕಂಡಿರಲಿಲ್ಲ. "ಅವನು ಹೌದು ಅಂದ್ನಾ?" ಎಂದು ಅತ್ತೆಯನ್ನು ಕೇಳಿದನಂತೆ. ಅವಳು ಮೇಜಿನ ಕೆಳಗೆ ಅವನ ಕೈ ಹಿಡಿದುಕೊಂಡು, ಇಲ್ಲ ಎಂದು ತಲೆಯಾಡಿಸಿದಳಂತೆ.

ಮನವಿ ಬಿದ್ದುಹೋಯಿತು. ಉಳಿದದ್ದು ಆರು ವಾರದ ತರಗತಿ. ಅದೇ ಚರ್ಚಿನ ಸಭಾಂಗಣದ ಕೆಳಗಿನ ಕೋಣೆಯಲ್ಲಿ, ಬೂದುಗೂದಲಿನ ಹನ್ನೊಂದು ಜನ ಕಂಪ್ಯೂಟರಿನ ಮುಂದೆ. ಕಲಿಸುವವಳು ಒಳ್ಳೆಯವಳೇ, ಆದರೆ ಗೋಡೆಯ ಕಡೆ ತಿರುಗಿ ಮಾತಾಡುತ್ತಿದ್ದಳು. ಕೆಲಸದ ಅರ್ಜಿ ಬರೆಯುವುದನ್ನು ಕಲಿಸಿದಳು. ಮಾವ ತನ್ನ ನಲವತ್ತನಾಲ್ಕು ವರ್ಷವನ್ನೂ ದುಂಡಗೆ ಬರೆದುಕೊಟ್ಟ. ಅವಳು ಕೆಂಪು ಪೆನ್ನಿನಲ್ಲಿ ಮೂವತ್ತನಾಲ್ಕು ವರ್ಷಕ್ಕೆ ಗೀಟು ಹಾಕಿದಳು.

"ಕೊನೇ ಹತ್ತು ವರ್ಷ ಸಾಕು ಸರ್," ಎಂದಳು. "ಅಷ್ಟೆಲ್ಲ ಬರೆದ್ರೆ ನಿಮ್ಮ ವಯಸ್ಸು ಗೊತ್ತಾಗ್ಬಿಡತ್ತೆ."

ಮಾವ ಆ ಹಾಳೆಯನ್ನು ಮನೆಗೆ ತಂದು ನನಗೆ ತೋರಿಸಿದ. "ನೋಡಿದ್ಯಾ? ಸರ್ಕಾರ ದುಡ್ಡು ಕೊಟ್ಟು ಬಚ್ಚಿಡೋದು ಕಲಿಸ್ತಿದೆ. ನಾವು ಪುಕ್ಕಟೆ ಕಲಿತಿದ್ವಿ," ಎಂದ. ನಾನು ನಗಲಿಲ್ಲ. ಅವನೂ ನಗಲಿಲ್ಲ.

ನವೆಂಬರಿನಲ್ಲಿ ಯಂತ್ರ ಬಂತು. ಅದರ ಜತೆ ಮಾಂಟ್ರಿಯಲ್‌ನಿಂದ ಒಬ್ಬ ತಂತ್ರಜ್ಞನೂ ಬಂದ. ಚಳಿಗೆ ಹೆಪ್ಪುಗಟ್ಟಿದ ದಿಮ್ಮಿ ಕೊಯ್ಯುವುದೇ ಬೇರೆ ವಿದ್ಯೆ, ಅದಕ್ಕೆ ಪಟ್ಟಿಯ ಹದವೂ ಬೇರೆ. ಯಂತ್ರ ಬೇಸಿಗೆಯ ಹದವನ್ನೇ ಕೊಡುತ್ತಿತ್ತು. ಒಂದು ವಾರದಲ್ಲಿ ಮೂರು ಪಟ್ಟಿ ಸೀಳಿಹೋದವು, ಹಲಗೆಯ ರಾಶಿಗಳು ಗಿರಾಕಿಯಿಂದ ವಾಪಸು ಬಂದವು. ಅರ್ಮೆಲ್ ಗರಗಸದ ಹತ್ತಿರ ನಿಲ್ಲಲು ಹೆದರಿ ರಜೆ ಹಾಕಿದ. ನನಗೆ ಒಳಗೊಳಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ?

ಶನಿವಾರ ಮಧ್ಯಾಹ್ನ ವಾಲ್ಮೋನ್ ಮಾವನ ಮನೆಯ ಬಾಗಿಲಿಗೆ ಬಂದ. ನಾನೂ ಅಲ್ಲೇ ಇದ್ದೆ. ಅತ್ತೆ ಅವನಿಗೆ ಕುರ್ಚಿ ತೋರಿಸಲಿಲ್ಲ, ಅವನೇ ಎಳೆದುಕೊಂಡು ಕೂತ. ಮಾತು ಶುರು ಮಾಡಿದ. ಮಾವ ಕಿಟಕಿಯಾಚೆ ನೋಡುತ್ತಲೇ ಇದ್ದ. ತುಟಿ ನೋಡದವನಿಗೆ ಏನು ಹೇಳಿದರೂ ಗೋಡೆಗೆ ಹೇಳಿದಂತೆ. ವಾಲ್ಮೋನ್ ಅವನ ತೋಳು ಮುಟ್ಟಿದ. ಮಾವ ತಿರುಗದೆಯೇ, "ಹೇಳೋದಿದ್ರೆ ಬರಿ," ಎಂದ.

ಅತ್ತೆ ಹಾಳೆ ತಂದಿಟ್ಟಳು. ವಾಲ್ಮೋನ್ ಬರೆದ, ನಾನು ಅವನ ಹೆಗಲ ಮೇಲಿಂದ ಓದಿದೆ. ಎರಡು ವಾರ ಬಾ. ತಂತ್ರಜ್ಞನಿಗೆ ಚಳಿಗಾಲದ ಹದ ಹೇಳಿಕೊಡು. ದಿನಗೂಲಿ ಕೊಡಿಸುತ್ತೇನೆ.

ಮಾವ ಓದಿದ. ಹೋಗುತ್ತಾನೆ ಎಂದೇ ನನಗನ್ನಿಸಿತು. ಕಲಿಸಬೇಕು ಎಂಬ ಅವನ ಹಸಿವು ನನಗೆ ಗೊತ್ತಿತ್ತು, ವಾಲ್ಮೋನನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬಂದಿದ್ದ.

"ಬರ್ತೀನಿ," ಎಂದ ಮಾವ. "ಅದರ ಕೆಳಗೆ ಇನ್ನೊಂದು ಸಾಲು ಬರಿ. ಮೊಣಕೈ ನೋಡೋದನ್ನ ಕಂಡುಹಿಡಿದವನು ವಾಲ್ಮೋನ್ ಅಶೆಯಾದ ನಾನೇ, ಮಿಲ್ಲಿಗೆಲ್ಲ ಗೊತ್ತಿತ್ತು ಅಂತ. ಸಹಿ ಹಾಕು. ಸೋಮವಾರ ಬೆಳಿಗ್ಗೆ ಆರಕ್ಕೆ ಸಾಣೆ ಕೋಣೇಲಿ ಇರ್ತೀನಿ."

ಈಗ ಅವನು ವಾಲ್ಮೋನನ ಮುಖವನ್ನೇ ನೋಡುತ್ತಿದ್ದ. ವಾಲ್ಮೋನ್ ಪೆನ್ನನ್ನು ಹಾಳೆಗೆ ತಾಗಿಸಿದ. ಒಂದು ಚುಕ್ಕಿಯಷ್ಟು ಮಸಿ ಇಳಿಯಿತು.

"ನನಗೆ ಪಿಂಚಣಿಗೆ ಇನ್ನು ಎಂಟು ತಿಂಗಳಿದೆ ಒನೆಸಿಮ್," ಎಂದ ಕೊನೆಗೆ.

ಮಾವ ಹಾಳೆಯನ್ನು ತನ್ನ ಕಡೆಗೆ ಎಳೆದು, ನಾಲ್ಕಾಗಿ ಮಡಿಸಿ, ಒಲೆಯ ಬಾಗಿಲು ತೆಗೆದು ಬೆಂಕಿಗೆ ಹಾಕಿದ. ವಾಲ್ಮೋನ್ ಟೋಪಿ ಹಾಕಿಕೊಂಡು ಹೊರಟ. ಹೊಸ್ತಿಲಲ್ಲಿ ನಿಂತು, ನಮಗೆ ಬೆನ್ನು ಮಾಡಿಯೇ, ತಪ್ಪಾಯ್ತು ಅಂದ. ನನಗೂ ಅತ್ತೆಗೂ ಕೇಳಿಸಿತು. ಅವನು ಏನಂದ ಎಂದು ಮಾವ ನಮ್ಮನ್ನು ಕೇಳಲಿಲ್ಲ, ನಾವೂ ಹೇಳಲಿಲ್ಲ.